ಕತ್ತರಿಗೆ ಗುರುತು

ರೀಲಿನ ಮೊದಲ ಚಿತ್ರ ಹಗಲಿನದಾಗಿರಬೇಕು.
ಇಲ್ಲದಿದ್ದರೆ ಎಸ್ಕೆಲ್ ಪೇಟೆಯ ಸ್ಟುಡಿಯೋ ಹುಡುಗ
ಬರೀ ಇರುಳು ತುಂಬಿದ ಪಟ್ಟಿಯಲ್ಲಿ
ಎಲ್ಲಿ ಒಂದು ಮುಗಿದು ಇನ್ನೊಂದು ಶುರುವೆಂದು ಕಾಣದೆ
ನಡುಬಾನಿಗೇ ಕತ್ತರಿ ಹಾಕುತ್ತಾನೆ.
ಹೋದ ಸಲ ಗ್ರಹಣವನ್ನು ಹೀಗೇ ಎರಡು ಹೋಳು ಮಾಡಿ
ಕವರಿನಲ್ಲಿಟ್ಟು ಕೊಟ್ಟಿದ್ದ.

ಅದಕ್ಕೇ ಡೆಲ್ಮಿರಾಳನ್ನು ಹೊರಗೆ ಕರೆದೆ.
ಉಣ್ಣೆ ಕತ್ತರಿಸುವ ತಂಡಕ್ಕೆ ಅಡುಗೆಯವಳು,
ಮೊಣಕೈವರೆಗೆ ಹಿಟ್ಟು.
"ನನ್ನದ್ಯಾಕೆ?" ಅಂದಳು.
"ಎಲ್ಲಿಂದ ಕತ್ತರಿಸಬೇಕೆಂದು ಅವನಿಗೆ ತಿಳಿಯಲಿ ಅಂತ."
"ಓಹೋ, ಕುರಿಯ ಬೆನ್ನಿಗೆ ಬಳಿಯುತ್ತಾರಲ್ಲ, ಆ ಬಣ್ಣ ನಾನು."
ನಕ್ಕಳೋ, ಸಿಟ್ಟಾದಳೋ,
ಅಷ್ಟರಲ್ಲಿ ಕ್ಲಿಕ್ ಅಂದಾಗಿತ್ತು.

ಜಲ್ಲಿ ರಸ್ತೆಯನ್ನು ಹೆರೆದು ಸಮ ಮಾಡುವ ಗ್ರೇಡರ್ ನನ್ನದು.
ನೂರ ಎಂಬತ್ತು ಕಿಲೋಮೀಟರ್. ಹೋಗಿ ಬರುವಷ್ಟರಲ್ಲಿ
ಗಾಳಿಯೂ ಲಾರಿಯೂ ಸೇರಿ ಮತ್ತೆ ಗೆರೆ ಎಬ್ಬಿಸಿರುತ್ತವೆ.
ಪಟಗೋನಿಯಾದಲ್ಲಿ ಯಾವ ಕೆಲಸವೂ ಮುಗಿಯುವುದಿಲ್ಲ,
ಕುರಿ ಬೋಳಿಸುವುದೊಂದನ್ನು ಬಿಟ್ಟು.
ಕ್ಯಾಮೆರಾ ಒಂದು ಹಳೇ ಜೆನಿತ್.
ಬಂದರಿನಲ್ಲಿ ಹಡಗಿನವನೊಬ್ಬ ಎರಡು ಕುರಿಚರ್ಮಕ್ಕೆ ಕೊಟ್ಟದ್ದು.
ಬ್ಯಾಟರಿ ಕೇಳುವುದಿಲ್ಲ, ಚಳಿಗೆ ಗೊಣಗುವುದಿಲ್ಲ.

ಹತ್ತೂವರೆಗೆ ಬೆಟ್ಟಸಾಲಿನ ಕೆಂಪು ಆರಿತು.
ಬಾಲಚುಕ್ಕಿ ಇಷ್ಟಿಷ್ಟೇ ಕಂಡಿತು, ಆಮೇಲೆ ಒಟ್ಟಿಗೇ ಅಷ್ಟೂ:
ಪಡುವಣದ ಅರ್ಧಕ್ಕೆ ಬಾಚಿಟ್ಟ ಬಿಳಿ.
ಗ್ರೇಡರನ್ನು ಗಾಳಿಗೆ ಅಡ್ಡ ನಿಲ್ಲಿಸಿ
ಸ್ಟ್ಯಾಂಡಿನ ಹೊಟ್ಟೆಗೆ ಕಲ್ಲಿನ ಚೀಲ ಕಟ್ಟಿದೆ.

ಈ ಬಾನಿಗೆ ಧ್ರುವನಿಲ್ಲ.
ತ್ರಿಶಂಕುವಿನ ಉದ್ದವನ್ನು ಅದರ ಕಾಲ ಕೆಳಗೆ
ನಾಲ್ಕೂವರೆ ಸಲ ಅಳೆದರೆ ಸಿಗುವುದು
ಏನೂ ಇಲ್ಲದ ಒಂದು ಜಾಗ.
ಆ ಏನೂ ಇಲ್ಲದ್ದರ ಸುತ್ತಲೇ ಎಲ್ಲ ತಿರುಗುತ್ತದೆ.
ಬಾಗಿಲಿನ ಬಿಜಾಗರಿ ಹಾಕಿದ ಎರಡು ಹಲಗೆ, ಒಂದು ತಿರುಪು;
ಬಿಜಾಗರಿಯ ಮೂತಿ ಅತ್ತ ಇಟ್ಟು
ಹದಿನೈದು ಸೆಕೆಂಡಿಗೆ ಕಾಲು ಸುತ್ತು, ಮತ್ತೆ ಕಾಲು ಸುತ್ತು,
ಭೂಮಿ ತಿರುಗಿದ್ದನ್ನು ಬೆರಳಿನಿಂದ ಹಿಂದಕ್ಕೆ ತಿರುಗಿಸುತ್ತ.

ಹದಿನೇಳನೆಯದು ಅರ್ಧಕ್ಕೆ ಬಂದಿತ್ತು.
ಬಡಗಣ ತಿರುವಿನಿಂದ ಲಾರಿಯೊಂದು,
ಎರಡೂ ದೀಪ ಉರಿಸಿಕೊಂಡು.
ಟೋಪಿಯಿಂದ ಲೆನ್ಸ್ ಮುಚ್ಚೋಣವೆಂದರೆ
ಒಂದು ಕೈ ತಿರುಪಿನ ಮೇಲೆ, ಇನ್ನೊಂದರಲ್ಲಿ ಗಡಿಯಾರ.
ಬೈದೆ. ಅವನ ತಾಯಿಯನ್ನು,
ಲಾರಿ ಕಂಡುಹಿಡಿದವನ ತಾಯಿಯನ್ನು.
ಧೂಳು ಕೂರಲು ಹತ್ತು ನಿಮಿಷ ಬೇಕಾಯಿತು.

ಬೆಳಿಗ್ಗೆ ದೊಡ್ಡಿಯಲ್ಲಿ ಬೋಳು ಕುರಿಗಳು, ಆರಿದ ಒಲೆ.
ಗೇಟಿನ ಮುದುಕ ನೆಮೆಸಿಯೊ ಅಂದ:
"ರಾತ್ರಿಯೇ ಹೊರಟರಲ್ಲ, ತೆಂಕಣದ ಕಡೆಗೆ.
ನಿನ್ನ ಗಾಡಿ ಕಂಡಲ್ಲಿ ಹಾರ್ನ್ ಹೊಡೆಸುತ್ತೇನೆ ಅಂದಿದ್ದಳು ಆಕೆ.
ಹೊಡೆದರಾ?"
"ಗಾಳಿ," ಅಂದೆ.

ಸ್ಟುಡಿಯೋದಲ್ಲಿ ಒಂದೇ ಒಂದು ಚಿತ್ರ ಕೈಗಿತ್ತ:
ಹಿಟ್ಟಿನ ಕೈ, ತೆರೆದ ಬಾಯಿ, ಇನ್ನೂ ಮುಗಿಯದ ಮಾತು.
"ಮಿಕ್ಕದ್ದೆಲ್ಲ ಖಾಲಿ. ದುಡ್ಡು ಹಿಡಿದಿಲ್ಲ."

ಪಟ್ಟಿಯನ್ನು ಕಿಟಕಿಗೆ ಹಿಡಿದೆ.
ಇರುಳು ಬಿಳಿಚಿ ತಿಳಿಯಾಗಿತ್ತು,
ಚುಕ್ಕಿಗಳು ಸಾಸಿವೆ ಚೆಲ್ಲಿದ ಹಾಗೆ,
ನಡುವೆ ಒದ್ದೆ ಸೌದೆಯಿಂದ ಎದ್ದಂತೆ ಕರೀ ಹೊಗೆ.
ಧೂಮಕೇತು ಅಂತ ಹೆಸರಿಟ್ಟವರು
ನೆಗೆಟಿವ್ ನೋಡಿಯೇ ಇಟ್ಟಿರಬೇಕು.

"ಹದಿನೇಳನೆಯದು ದೊಡ್ಡದಾಗಿ ಮಾಡು."
ಭೂತಗನ್ನಡಿ ಇಟ್ಟು ನೋಡಿದ:
"ಇದು ಕೆಟ್ಟಿದೆಯಲ್ಲ, ಕೆಳಗೆ ಗೀರು ಬಿದ್ದಿದೆ.
ಗೀರನ್ನು ಕತ್ತರಿಸಿ ಹಾಕಿ
ಬರೀ ಬಾಲಚುಕ್ಕಿ ಕೊಡಲಾ?"

ಗೀರಿನ ಮೇಲೆ ಬೆರಳಿಟ್ಟೆ.
ಬಲದಿಂದ ಎಡಕ್ಕೆ, ಎಲ್ಲೂ ಒಂದಿಷ್ಟೂ ಕುಲುಕಿಲ್ಲ.
ಆ ರಸ್ತೆ ನಾನೇ ಹೆರೆದದ್ದು,
ಹಿಂದಿನ ದಿನ.